ಇಂಗ್ಲೆಂಡಿನಲ್ಲಿ ಅಲಾಟ್‌ಮೆಂಟ್ ಹಿಡಿಯುವ ಮುಂಚೆ

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಅಲಾಟ್‌ಮೆಂಟ್, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ಜಾಗ, ಹಿಡಿಯುವ ಮಾತು ಬಂದಾಗ ಮೊದಲು ಕೇಳುವುದು ಅವರೆಕಾಯಿಯ ವಿಚಾರ. ಅವರೆ ಮೊಳೆಯುತ್ತದೆ, ಬಳ್ಳಿ ಚೆನ್ನಾಗಿ ಹಬ್ಬುತ್ತದೆ, ಕಾಯಿ ಮಾತ್ರ ಸಿಗುವುದಿಲ್ಲ. ಚಳಿಯೊಂದೇ ಕಾರಣವಲ್ಲ. ಊರಿನ ಅವರೆ ಹಗಲು ಗಿಡ್ಡವಾದ ಮೇಲೆ ಹೂ ಬಿಡುವ ಬೆಳೆ. ಜೂನ್‌ನಲ್ಲಿ ಬೆಂಗಳೂರಿನ ಹಗಲು 13 ಗಂಟೆಯ ಆಸುಪಾಸು, ಲಂಡನ್ನಿನದು 16 ಗಂಟೆ ದಾಟುತ್ತದೆ. ಇಲ್ಲಿ ಹಗಲು ಕುಗ್ಗಿ ಬಳ್ಳಿ ಮೊಗ್ಗು ಕಟ್ಟುವ ಹೊತ್ತಿಗೆ ಶರತ್ಕಾಲ ಬಂದಿರುತ್ತದೆ, ಮೊದಲ ಫ್ರಾಸ್ಟಿಗೇ, ಅಂದರೆ ಇಬ್ಬನಿ ಹೆಪ್ಪುಗಟ್ಟುವ ಚಳಿಗೇ, ಎಲೆ ಕಪ್ಪಾಗುತ್ತದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಕಟ್ಟುಬೀಳದ ಎಚ್‌ಎ-4ರಂಥ ತಳಿ ಕೊಟ್ಟಿದೆ ಎಂದು ಕೆಲವರು ಹೇಳುತ್ತಾರೆ. ನಿಜ, ಆದರೆ ಅದಕ್ಕೂ ಬಿಸಿಲಿನ ಕಾವು ಬೇಕು. ಮೇಲಾಗಿ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬಿತ್ತನೆ ಬೀಜವನ್ನು ಬ್ಯಾಗಿನಲ್ಲಿ ತರುವುದು ಇಲ್ಲಿನ ಕಾನೂನಿಗೆ ವಿರುದ್ಧ. ದಯವಿಟ್ಟು ತರಬೇಡಿ.

ಅದರ ಬದಲು ನವೆಂಬರಿನಲ್ಲಿ ಬ್ರಾಡ್ ಬೀನ್ಸ್ ಊರಿ. 'ಅಕ್ವಾಡುಲ್ಸೆ' ತಳಿ ಚಳಿಗಾಲವನ್ನು ತಡೆದುಕೊಂಡು ಬೇಸಿಗೆಯ ಮೊದಲಿಗೇ ಕಾಯಿ ಕೊಡುತ್ತದೆ. ಕಾಳನ್ನು ಕುದಿನೀರಿಗೆ ಹಾಕಿ ತೆಗೆದು ಹಿತುಕಿದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ, ಹಿತಕಿದ ಬೇಳೆ ಸಾರು ಮಾಡಬಹುದು. ಅವರೆಯ ಸೊಗಡು ಅದಕ್ಕಿಲ್ಲ. ಆದರೂ ನೀವೇ ಬೆಳೆದ ಕಾಳು, ಮನೆಮಂದಿಯೆಲ್ಲ ಕೂತು ಹಿತುಕುವ ಸಂಭ್ರಮ ಅದರಲ್ಲೂ ಇದೆ.

ಇನ್ನು ಜಾಗದ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1908ರ ಕಾನೂನಿನ ಪ್ರಕಾರ, ಬೇಡಿಕೆಯಿದ್ದರೆ ಅಲಾಟ್‌ಮೆಂಟ್ ಒದಗಿಸುವುದು ಸ್ಥಳೀಯ ಕೌನ್ಸಿಲಿನ ಹೊಣೆ. ಆರು ಮಂದಿ ಮತದಾರರು ಸೇರಿ ಅರ್ಜಿ ಕೊಟ್ಟರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಒಳ ಲಂಡನ್ನಿನ ಬರೋಗಳಿಗೆ (ನಗರದ ಆಡಳಿತ ಘಟಕಗಳಿಗೆ) ಮಾತ್ರ ಈ ಕಟ್ಟುಪಾಡಿಲ್ಲ. ಸರದಿ ಉದ್ದವಿರುತ್ತದೆ, ಮನೆ ಸಿಕ್ಕಿದ ವಾರವೇ ಹೆಸರು ಬರೆಸಿ. ಪೂರ್ತಿ ಪ್ಲಾಟ್ ಎಂದರೆ ಸುಮಾರು 250 ಚದರ ಮೀಟರ್. ಕೆಲಸಕ್ಕೆ ಹೋಗುವವರು ಅರ್ಧ ಪ್ಲಾಟ್ ಕೇಳಿ, ಅದೇ ಸಾಕಷ್ಟಾಯಿತು.

ಬೀಗದ ಕೈ ಸಿಕ್ಕಿದೊಡನೆ ಟಿಲ್ಲರ್ ಬಾಡಿಗೆಗೆ ತರಬೇಡಿ. ಪಾಳುಬಿದ್ದ ಪ್ಲಾಟಿನಲ್ಲಿ ಬೈಂಡ್‌ವೀಡ್, ಕೌಚ್ ಹುಲ್ಲು ಎಂಬ ಕಳೆಗಳು ಇದ್ದೇ ಇರುತ್ತವೆ. ಅವುಗಳ ಬೇರು ಚೂರಾದಷ್ಟೂ ಚೂರಿಗೊಂದು ಗಿಡ ಏಳುತ್ತದೆ. ಅರ್ಧ ಜಾಗಕ್ಕೆ ದಪ್ಪ ರಟ್ಟು, ಕಪ್ಪು ಹೊದಿಕೆ ಹಾಸಿ ಮುಚ್ಚಿಬಿಡಿ. ಉಳಿದರ್ಧವನ್ನು ಫೋರ್ಕಿನಿಂದ ಅಗೆದು ಬೇರು ಆರಿಸಿ.

ಗೊಬ್ಬರದ ಬಗ್ಗೆ ಒತ್ತಿ ಹೇಳಬೇಕು. ಕುದುರೆ ಲದ್ದಿ ಬಿಟ್ಟಿಯಾಗಿ ಸಿಗುತ್ತದೆ, ಸಗಣಿ ಗೊಬ್ಬರ ಕಂಡು ಬೆಳೆದ ನಮಗೆ ಅನುಮಾನವೇ ಬರುವುದಿಲ್ಲ. ಆದರೆ ಹುಲ್ಲುಗಾವಲಿಗೆ ಅಮಿನೋಪೈರಾಲಿಡ್ ಎಂಬ ಕಳೆನಾಶಕ ಹೊಡೆದಿದ್ದರೆ, ಅದು ಹುಲ್ಲಿನ ಜೊತೆ ಕುದುರೆಯ ಹೊಟ್ಟೆಗೆ ಹೋಗಿ, ಲದ್ದಿಯಲ್ಲಿ ಹಾಗೆಯೇ ಹೊರಬರುತ್ತದೆ. ಅಂಥ ಗೊಬ್ಬರ ಬಿದ್ದ ಮಡಿಯಲ್ಲಿ ಟೊಮೆಟೊ, ಆಲೂಗಡ್ಡೆ, ಹುರುಳಿಕಾಯಿಯ ಎಲೆಗಳು ಮುದುಡಿ ಸುರುಳಿಯಾಗುತ್ತವೆ. ವರ್ಷವಿಡೀ ದುಡಿದವರು ಆ ಎಲೆ ಹಿಡಿದು ನಿಂತದ್ದನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ಮೊದಲು ಸ್ವಲ್ಪ ಗೊಬ್ಬರವನ್ನು ಕುಂಡದ ಮಣ್ಣಿಗೆ ಬೆರೆಸಿ ನಾಲ್ಕು ಹುರುಳಿಕಾಯಿ ಬೀಜ ಹಾಕಿ ಪರೀಕ್ಷಿಸಿ. ಎಲೆ ನೆಟ್ಟಗೆ ಬಿಚ್ಚಿಕೊಂಡರೆ ಮಡಿಗೆ ಹಾಕಿ.

ಸೊಪ್ಪಿನಲ್ಲಿ ಈ ನೆಲ ನಮ್ಮ ಕೈ ಬಿಡುವುದಿಲ್ಲ. ಅಡುಗೆಮನೆಯ ಮೆಂತ್ಯವನ್ನೇ ಏಪ್ರಿಲ್‌ನಲ್ಲಿ ಎರಚಿದರೆ ಸೊಪ್ಪು ಬರುತ್ತದೆ. ಕೊತ್ತಂಬರಿ ಬಿಸಿಲಿಗೆ ಬೇಗ ಹೂವಿಗೆ ಹೋಗುತ್ತದೆ, ಆದ್ದರಿಂದ ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ. ದಂಟು, ಹರಿವೆಗೆ ಜೂನ್ ತನಕ ಕಾಯಿರಿ. ಇಲ್ಲಿಯವರು ಕಳೆಯೆಂದು ಕಿತ್ತೆಸೆಯುವ ಫ್ಯಾಟ್ ಹೆನ್ ನಮ್ಮ ಚಕ್ಕೋತ ಸೊಪ್ಪು. ಗುರುತು ಗೊತ್ತಿದ್ದವರನ್ನು ಜೊತೆಗೆ ಕರೆದುಕೊಂಡು ಹೋಗಿ ಕೊಯ್ದು ತಂದು ಬಸ್ಸಾರು ಮಾಡಿ. ಬದನೆ, ಮೆಣಸಿನಕಾಯಿ ಗ್ರೀನ್‌ಹೌಸ್ ಇಲ್ಲದೆ ಬಹುಪಾಲು ನಿರಾಸೆಯೇ.

ಸಸಿಗಳನ್ನು ಮೇ ಮಧ್ಯದ ತನಕ ಹೊರಗೆ ನೆಡಬೇಡಿ, ದಕ್ಷಿಣದಲ್ಲೂ ಅಲ್ಲಿಯವರೆಗೆ ಫ್ರಾಸ್ಟ್ ಬೀಳಬಹುದು. ನೆಟ್ಟ ರಾತ್ರಿಯೇ ಸ್ಲಗ್‌ಗಳು, ಅಂದರೆ ಚಿಪ್ಪಿಲ್ಲದ ಬಸವನಹುಳುಗಳು, ಬರುತ್ತವೆ. ಅವನ್ನು ಕೊಲ್ಲಲು ಹಾಕುತ್ತಿದ್ದ ಮೆಟಾಲ್ಡಿಹೈಡ್ ಇರುವ ಮಾತ್ರೆಗಳನ್ನು 2022ರಲ್ಲಿ ನಿಷೇಧಿಸಿದ್ದಾರೆ, ಹಳೆಯ ಡಬ್ಬಿ ಯಾರಾದರೂ ಕೊಟ್ಟರೆ ಬಳಸಬೇಡಿ. ಫೆರಿಕ್ ಫಾಸ್ಫೇಟಿನದು ಸಿಗುತ್ತದೆ. ಬೇಸಿಗೆ ಬೆಚ್ಚಗೆ, ತೇವವಾಗಿದ್ದರೆ ಆಲೂಗಡ್ಡೆ, ಟೊಮೆಟೊಗಳಿಗೆ ಅಂಗಮಾರಿ ರೋಗ ತಗಲುತ್ತದೆ. ಆಲೂಗಡ್ಡೆಯ ಎಲೆಯಲ್ಲಿ ಕಂದು ಮಚ್ಚೆ ಕಂಡ ಕೂಡಲೇ ಗಿಡವನ್ನು ಬುಡಕ್ಕೆ ಕೊಯ್ದುಬಿಡಿ, ಮಣ್ಣಿನೊಳಗಿನ ಗೆಡ್ಡೆಯಾದರೂ ಉಳಿಯುತ್ತದೆ.

ನಮ್ಮವರಿಗೇ ಒಂದು ತೊಂದರೆಯಿದೆ. ಮಕ್ಕಳ ಶಾಲೆಗೆ ರಜೆ ಸಿಗುವುದು ಜುಲೈ ಕೊನೆಗೆ, ಊರಿಗೆ ಹೋಗುವುದು ಆಗಲೇ. ಪ್ಲಾಟಿನಲ್ಲಿ ಎಲ್ಲವೂ ಫಲಕ್ಕೆ ಬರುವುದೂ ಆಗಲೇ. ರನ್ನರ್ ಬೀನ್ಸ್, ಕೋರ್ಜೆಟ್‌ಗಳನ್ನು (ಸೌತೆಯಂತೆ ಕಾಣುವ ಎಳೆ ಕುಂಬಳ ಜಾತಿಯ ಕಾಯಿ) ಕೊಯ್ಯದೆ ಬಿಟ್ಟರೆ ಗಿಡ ಕಾಯಿ ಬಿಡುವುದು ನಿಲ್ಲಿಸುತ್ತದೆ. ಕಳೆ ಎದ್ದರೆ ನೋಟಿಸ್ ಬರುತ್ತದೆ. ಹೊರಡುವ ಮುಂಚೆ ಅಲಾಟ್‌ಮೆಂಟ್ ನೋಡಿಕೊಳ್ಳುವ ಸೆಕ್ರೆಟರಿಗೆ ನಾಲ್ಕು ಸಾಲು ಬರೆದು ತಿಳಿಸಿ. ಪಕ್ಕದ ಪ್ಲಾಟಿನವರಿಗೆ, 'ನಮ್ಮ ಗಿಡಗಳಿಗೆ ನೀರು ಹಾಕಿ, ಬಂದದ್ದನ್ನೆಲ್ಲ ಕೊಯ್ದುಕೊಳ್ಳಿ' ಎಂದು ಹೇಳಿ ಹೋಗಿ. ಅವರು ರಜೆಗೆ ಹೋದಾಗ ಅವರ ಗಿಡಗಳನ್ನು ನೀವು ನೋಡಿಕೊಳ್ಳಿ.