ಖಾಲಿ ತೋಟೆ ತೊಳೆಯಲು ಪುಟ್ಟ ಟಂಬ್ಲರ್: ಆರಿಸುವುದು ಹೇಗೆ?

ಅಮೆರಿಕಕ್ಕೆ ಬಂದು ನೆಲೆಸಿದ ಮೇಲೆ ಗುರಿ ಹೊಡೆಯುವ ಅಭ್ಯಾಸ ಹತ್ತಿಸಿಕೊಂಡ ಕನ್ನಡಿಗರು ಸಾಕಷ್ಟಿದ್ದಾರೆ. ಮೈದಾನದಲ್ಲಿ ಹೊಡೆದು ಮುಗಿಸಿ, ಕಾಲ ಬಳಿ ಬಿದ್ದ ಹಿತ್ತಾಳೆ ತೋಟೆಗಳನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕವಚಗಳನ್ನು, ಆಯ್ದು ಚೀಲಕ್ಕೆ ತುಂಬಿಕೊಂಡು ಮನೆಗೆ ತರುತ್ತಾರೆ. ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ), ಮದ್ದು, ಗುಂಡು ಸೇರಿಸಿ ಅದೇ ತೋಟೆಯನ್ನು ಹಲವು ಸಲ ಬಳಸುವುದು ಅಲ್ಲಿ ಬಹಳ ಹಳೆಯ ಹವ್ಯಾಸ. ಆ ಕೆಲಸದ ಮೊದಲ ಘಟ್ಟವೇ ತೊಳೆಯುವುದು, ಅದಕ್ಕೆ ಬೇಕಾದ ಯಂತ್ರವೇ ಟಂಬ್ಲರ್. ಭಾರತದಲ್ಲಿ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ನಿಷೇಧಿಸುತ್ತದೆ. ಊರಿಗೆ ಹೊರಡುವಾಗ ಖಾಲಿ ತೋಟೆಯೊಂದು ಚೀಲದ ಮೂಲೆಯಲ್ಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಅದರಿಂದ ಆಗುವ ತೊಂದರೆ ಸಣ್ಣದಲ್ಲ.

ತೊಳೆಯುವುದು ಹೊಳಪಿಗಾಗಿ ಎಂದು ಹೊಸಬರು ಭಾವಿಸುತ್ತಾರೆ. ಮಸಿಯೂ ಮರಳಿನ ಕಣವೂ ಅಂಟಿದ ತೋಟೆಯನ್ನು, ಅದನ್ನು ಮತ್ತೆ ಸರಿಯಾದ ಅಳತೆಗೆ ತರುವ ಅಚ್ಚಾದ ಡೈಗೆ ಒತ್ತಿದರೆ ಡೈನ ಒಳಮೈ ಗೀರುತ್ತದೆ. ಆಮೇಲೆ ಅದರೊಳಗೆ ಹೋಗುವ ಪ್ರತಿ ತೋಟೆಯ ಮೇಲೂ ಅದೇ ಗೀರು ಬೀಳುತ್ತದೆ. ಕೊಳೆ ಹೋದ ಮೇಲೆಯೇ ಬಿರುಕು ಕಣ್ಣಿಗೆ ಬೀಳುವುದು. ರೈಫಲ್ ತೋಟೆಯ ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಒಂದು ಬಿಳಿಚಿದ ಗೆರೆ ಕಂಡರೆ ಅಲ್ಲಿ ಲೋಹ ತೆಳುವಾಗಿದೆ, ಅದನ್ನು ಮತ್ತೆ ತುಂಬಬಾರದು ಎಂದರ್ಥ. ಕನ್ನಡಿಯಂತೆ ಹೊಳೆಯದಿದ್ದರೂ ಗುಂಡು ಗುರಿಗೇ ಹೋಗುತ್ತದೆ. ಹೊಳಪಿನ ಜಾಹೀರಾತು ನೋಡಿ ಯಂತ್ರ ಕೊಳ್ಳಬೇಡಿ.

ಮೊದಲು ಮನೆಯನ್ನು ನೋಡಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಸಾಮಾನ್ಯ ಪ್ರೈಮರಿನಲ್ಲಿ ಸೀಸದ ಸಂಯುಕ್ತವಿರುತ್ತದೆ. ಹೊಡೆದ ಮೇಲೆ ಅದರ ಶೇಷ ತೋಟೆಯೊಳಗೇ ಉಳಿಯುತ್ತದೆ. ಟಂಬ್ಲರ್‌ಗಳಲ್ಲಿ ಎರಡು ಬಗೆ. ಬಟ್ಟಲಿನಂಥ ಪಾತ್ರೆ ನಡುಗುತ್ತಾ, ಪುಡಿ ಮಾಡಿದ ಜೋಳದ ದಿಂಡು ಅಥವಾ ವಾಲ್‌ನಟ್ ಸಿಪ್ಪೆಯಲ್ಲಿ ತೋಟೆಗಳನ್ನು ಉಜ್ಜುವುದು ಒಂದು, ಅದು ಒಣ ವಿಧಾನ. ಮುಚ್ಚಿದ ಡ್ರಮ್ಮು ಮೆಲ್ಲಗೆ ಉರುಳುತ್ತಾ ನೀರು, ಸಾಬೂನು ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಡ್ಡಿಗಳ ನಡುವೆ ತೊಳೆಯುವುದು ಇನ್ನೊಂದು. ಒಣ ವಿಧಾನದಲ್ಲಿ ಸೀಸ ಪುಡಿಗೆ ಸೇರಿ, ಜರಡಿ ಹಿಡಿಯುವಾಗ ಧೂಳಾಗಿ ಏಳುತ್ತದೆ. ನೀರಿನ ವಿಧಾನದಲ್ಲಿ ಅದು ನೀರಿನಲ್ಲೇ ಉಳಿಯುತ್ತದೆ.

ಮಕ್ಕಳ ರಕ್ತದಲ್ಲಿ ಸುರಕ್ಷಿತ ಎನ್ನಬಹುದಾದ ಸೀಸದ ಮಟ್ಟ ಯಾವುದೂ ಕಂಡುಬಂದಿಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ, ಅಥವಾ ನೀವು ಅಪಾರ್ಟ್‌ಮೆಂಟಿನಲ್ಲಿದ್ದರೆ, ನೀರಿನ ಡ್ರಮ್ಮನ್ನೇ ಕೊಳ್ಳಿ. ನಡುಗುವ ಯಂತ್ರದ ಗಲಾಟೆಯೂ ಪಕ್ಕದ ಮನೆಯವರೆಗೆ ಕೇಳಿಸುತ್ತದೆ. ಪ್ರತ್ಯೇಕ ಗ್ಯಾರೇಜ್ ಇದ್ದು ಬಾಗಿಲು ತೆರೆದಿಡಬಹುದಾದರೆ ಮಾತ್ರ ಒಣ ವಿಧಾನದ ಯೋಚನೆ ಮಾಡಿ. ಆಗಲೂ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕಿ ಬಳಸಿದ ಡ್ರೈಯರ್ ಹಾಳೆಯನ್ನು ಕತ್ತರಿಸಿ ಪುಡಿಯೊಳಗೆ ಹಾಕಿದರೆ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ.

ಎಣಿಸಿ, ತೂಗಿ

ಡ್ರಮ್ಮಿನ ಮೇಲೆ 3 ಪೌಂಡ್, 15 ಪೌಂಡ್ ಎಂದು ಬರೆದಿರುತ್ತದೆ. ಇದು ತೋಟೆಗಳ ತೂಕವಲ್ಲ. ನೀರು, ಕಡ್ಡಿ, ತೋಟೆ ಎಲ್ಲ ಸೇರಿದ ಹೊರೆ. ಮೋಸ ಹೋಗುವುದು ಇಲ್ಲಿಯೇ. 15 ಪೌಂಡಿನ ಡ್ರಮ್ಮಿಗೆ ಹವ್ಯಾಸಿಗಳಲ್ಲಿ ರೂಢಿಯಾದ ಲೆಕ್ಕ ಹೀಗಿದೆ: 5 ಪೌಂಡ್ ಕಡ್ಡಿ, 2 ಪೌಂಡ್ ತೋಟೆ, ಒಂದು ಗ್ಯಾಲನ್ ನೀರು. ಅಂದರೆ ತೋಟೆಯ ಪಾಲು ಸುಮಾರು ಏಳರಲ್ಲಿ ಒಂದು. ಅದೇ ಪ್ರಮಾಣದಲ್ಲಿ 3 ಪೌಂಡಿನ ಡ್ರಮ್ಮಿಗೆ ಹಿಡಿಸುವುದು ಸುಮಾರು 180 ಗ್ರಾಂ ತೋಟೆ.

9 ಎಂಎಂ ತೋಟೆಯೊಂದರ ತೂಕ ಹೆಚ್ಚುಕಡಿಮೆ 4 ಗ್ರಾಂ, .223 ರೈಫಲ್ ತೋಟೆಯದು 6 ಗ್ರಾಂ. ಹಾಗಾದರೆ ಕಲ್ಲು ಹೊಳಪಿಸುವ ಹವ್ಯಾಸಿಗಳು ಬಳಸುವ 3 ಪೌಂಡಿನ ಪುಟ್ಟ ಡ್ರಮ್ಮಿನಲ್ಲಿ ಒಂದು ಸಲಕ್ಕೆ 45 ಪಿಸ್ತೂಲು ತೋಟೆ ಅಥವಾ 30 ರೈಫಲ್ ತೋಟೆ. ತಿಂಗಳಿಗೊಮ್ಮೆ ಹೋಗಿ ಐವತ್ತು ಗುಂಡು ಹೊಡೆಯುವವರಿಗೆ ಇದು ಧಾರಾಳ ಸಾಕು, ದುಡ್ಡೂ ಉಳಿಯುತ್ತದೆ. ವಾರಕ್ಕೆ ಇನ್ನೂರು ಹೊಡೆಯುವವರು ಐದು ಸಲ ತೊಳೆಯಬೇಕಾಗುತ್ತದೆ. ಎರಡನೇ ತಿಂಗಳಿಗೇ ಬೇಸರ ಬಂದು ಯಂತ್ರ ಮೂಲೆ ಸೇರುತ್ತದೆ. ಒಂದೇ ಯಂತ್ರದ ಮೇಲೆ 3 ಪೌಂಡಿನ ಎರಡು ಡ್ರಮ್ಮು ಕೂರುವ ಮಾದರಿ ನಡುವಿನ ದಾರಿ. ಒಂದರಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ರೈಫಲ್ ತೋಟೆ ಹಾಕಿದರೆ ಬೆರಕೆಯೂ ತಪ್ಪುತ್ತದೆ.

ಅಂಗಡಿಯಲ್ಲಿ ಮುಟ್ಟಿ ನೋಡಿ

ಡ್ರಮ್ಮಿನ ಒಳಗೆ ರಬ್ಬರ್ ಇರಲಿ, ಸದ್ದು ಕಡಿಮೆಯಾಗುತ್ತದೆ. ಮುಚ್ಚಳದ ವಾಷರ್ ಮೇಲೆ ಬೆರಳಾಡಿಸಿ. ಉಬ್ಬುತಗ್ಗು ತಾಕಿದರೆ ನೀರು ಸೋರುವುದು ಖಂಡಿತ. ಯಂತ್ರ ತಿರುಗುವುದು ಸಣ್ಣ ರಬ್ಬರ್ ಬೆಲ್ಟಿನ ಬಲದಿಂದ. ಅಗ್ಗದ ಯಂತ್ರಗಳಲ್ಲಿ ಮೊದಲು ಕೈಕೊಡುವುದು ಈ ಬೆಲ್ಟೇ. ಬದಲಿ ಬೆಲ್ಟ್ ಸುಲಭವಾಗಿ ಸಿಗುವ ಮಾದರಿಯನ್ನೇ ಆರಿಸಿ, ಎರಡು ತೆಗೆದಿಟ್ಟುಕೊಳ್ಳಿ.

ತೊಳೆಯುವ ಕ್ರಮ

ಮೊದಲು ಆಯುವುದು. ರಾಶಿಯಲ್ಲಿ ಹೊಡೆಯದ ತೋಟೆ ಸೇರಿರಬಾರದು, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಉಕ್ಕಿನ ತೋಟೆಗಳನ್ನು ಅಯಸ್ಕಾಂತದಿಂದ ಬೇರ್ಪಡಿಸಿ. 9 ಎಂಎಂ ತೋಟೆ ಅದಕ್ಕಿಂತ ಅಗಲವಾದ .45 ಪಿಸ್ತೂಲು ತೋಟೆಯೊಳಗೆ ಹೊಕ್ಕು ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಅಳತೆವಾರು ವಿಂಗಡಿಸಿ. ಹಳೆಯ ಪ್ರೈಮರ್ ತೆಗೆದು ತೊಳೆದರೆ ತಳದಲ್ಲಿ ಅದು ಕೂರುವ ಗುಳಿಯೂ ಸ್ವಚ್ಛವಾಗುತ್ತದೆ.

ಕಡ್ಡಿ, ತೋಟೆ, ಅವು ಮುಳುಗುವಷ್ಟು ನೀರು, ಪಾತ್ರೆ ತೊಳೆಯುವ ದ್ರವದ ಕೆಲವು ಹನಿ, ಒಂದು ಚಿಟಿಕೆ ನಿಂಬೆ ಉಪ್ಪು. ಇಷ್ಟು ಹಾಕಿ ಎರಡು ಮೂರು ಗಂಟೆ ಉರುಳಿಸಿದರೆ ಸಾಕು. ನಿಂಬೆ ಉಪ್ಪು ಮಾಡುವುದು ನಮ್ಮ ಮನೆಗಳಲ್ಲಿ ದೀಪದ ಕಂಬಕ್ಕೆ ಹುಣಸೆಹುಳಿ ಮಾಡುವ ಕೆಲಸವನ್ನೇ. ಹುಳಿಯಲ್ಲಿ ನೆನೆಹಾಕಿ ಮರೆತ ಹಿತ್ತಾಳೆ ಚೊಂಬು ಕೆಂಪಗೆ ತಿರುಗುವುದನ್ನು ನೋಡಿರುತ್ತೀರಿ. ತೋಟೆಯೂ ಹಾಗೆಯೇ. ತೋಟೆಯ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು ಇರುತ್ತದೆ. ಹುಳಿ ಹೆಚ್ಚಾದರೆ ಮೇಲ್ಮೈಯ ಸತು ಬಿಟ್ಟುಹೋಗಿ ತಾಮ್ರ ಗುಲಾಬಿಯಾಗಿ ಕಾಣುತ್ತದೆ.

ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡವೇ ಬೇಡ. ಇದಕ್ಕೆ ಭಾರತದ್ದೇ ಒಂದು ಕಥೆಯಿದೆ. ಬ್ರಿಟಿಷ್ ಸೇನೆ ಇಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ತೋಟೆಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ, ಗಾಳಿಯ ತೇವ, ಲೋಹದೊಳಗೆ ಉಳಿದಿದ್ದ ಬಿಗಿತ ಮೂರೂ ಸೇರಿ ಹೀಗಾಗುತ್ತಿತ್ತು ಎಂಬ ವಿವರಣೆ ಸಿಕ್ಕಿದ್ದು 1921ರಲ್ಲಿ. ಆ ಬಿರುಕು ಕೈಯಲ್ಲಿ ಹಿಡಿದ ಕೋವಿಯೊಳಗೆ ಕಾಣಿಸಿಕೊಂಡರೆ ಏನಾದೀತೆಂದು ಯೋಚಿಸಿ.

ಕೊಳೆ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬೇಡಿ, ಕುಂಡದ ಕರಿಬೇವಿನ ಬುಡಕ್ಕಂತೂ ಬೇಡವೇ ಬೇಡ. ಸ್ಥಳೀಯ ಅಪಾಯಕಾರಿ ತ್ಯಾಜ್ಯ ಸಂಗ್ರಹಣೆಯವರನ್ನು ಕೇಳಿ ಅವರು ಹೇಳಿದಂತೆ ವಿಲೇವಾರಿ ಮಾಡಿ. ಕೈಗವಸು ತೊಟ್ಟೇ ಕೆಲಸ ಮಾಡಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಕೊನೆಗೆ ಕಡ್ಡಿಗಳ ಲೆಕ್ಕ. ಒಂದೊಂದು ತೋಟೆಯನ್ನೂ ಬೋರಲು ಹಿಡಿದು ತಟ್ಟಿ, ಬಾಯಿಯ ಕಡೆಯಿಂದ ದೀಪಕ್ಕೆ ಹಿಡಿದು ನೋಡಿ. ಪ್ರೈಮರ್ ತೆಗೆದಿದ್ದರೆ ತಳದಲ್ಲಿ ಸಾಸಿವೆ ಕಾಳಿನಷ್ಟು ದುಂಡನೆಯ ಬೆಳಕು ಕಾಣಬೇಕು. ಅದು ಅರ್ಧಚಂದ್ರದಂತೆ ಕಂಡರೆ ರಂಧ್ರದಲ್ಲಿ ಕಡ್ಡಿ ಸಿಕ್ಕಿಕೊಂಡಿದೆ, ಚಿಮಟದಿಂದ ಕೀಳಿ. ಅದು ಉಳಿದರೆ ಮುಂದಿನ ಹೊಡೆತಕ್ಕೆ ನಳಿಗೆಯೊಳಗೆ ಹಾಯ್ದು ಅದನ್ನು ಹಾಳುಮಾಡಬಹುದು. ಆಮೇಲೆ ಹಳೆಯ ಟವೆಲಿನ ಮೇಲೆ ಹರಡಿ ಫ್ಯಾನಿನಡಿ ಎರಡು ದಿನ ಬಿಡಿ. ಅಡುಗೆಯ ಓವನ್ನಿನಲ್ಲಿ ಒಣಗಿಸಬೇಡಿ. ಹೊರಗೆ ಒಣಗಿದಂತೆ ಕಂಡರೂ ಪ್ರೈಮರ್ ಗುಳಿಯಲ್ಲಿ ನೀರು ನಿಂತಿರುತ್ತದೆ. ಟಿಶ್ಯೂ ಕಾಗದದ ತುದಿಯನ್ನು ಹುರಿ ಮಾಡಿ ನಾಲ್ಕಾರು ಗುಳಿಗಳಿಗೆ ಒತ್ತಿ ನೋಡಿ. ಕಾಗದ ಒದ್ದೆಯಾದರೆ ಇನ್ನೊಂದು ದಿನ ಹಾಗೆಯೇ ಬಿಡಿ.