ಪ್ರಾರ್ಥನೆ ಒಣಗಿದ ಕಾಲದಲ್ಲಿ ನಾನು ಹಿಡಿದ ದಾರಿ

ದೇವರಿದ್ದಾನೆ ಎಂಬುದರಲ್ಲಾಗಲಿ, ಆತನು ಪ್ರೀತಿಸುವವನು ಎಂಬುದರಲ್ಲಾಗಲಿ ನನಗೆ ಎಂದೂ ಸಂಶಯ ಬರಲಿಲ್ಲ. ಆ ಪ್ರೀತಿ ನನ್ನವರೆಗೂ ಬರುತ್ತದೆಂದು ನಂಬಲಾಗದ ಕಾಲ ಮಾತ್ರ ಒಂದಿತ್ತು. ಆಗಲೂ ನಾನು ಭಾನುವಾರದ ಆರಾಧನೆಯನ್ನು ಬಿಡಲಿಲ್ಲ. ಗಾಯನ ಮಂಡಳಿಯಲ್ಲಿ ಹಾಡುತ್ತಿದ್ದೆ, ಸಂಡೇ ಸ್ಕೂಲಿನ ಮಕ್ಕಳಿಗೆ ಯೇಸು ನಿಮ್ಮನ್ನು ಹೆಸರು ಹಿಡಿದು ಬಲ್ಲನೆಂದು ಹೇಳಿಕೊಡುತ್ತಿದ್ದೆ. ಮನೆಗೆ ಬಂದು ಮೊಣಕಾಲೂರಿದರೆ ಒಳಗಿನಿಂದ ಒಂದು ಮಾತೂ ಏಳುತ್ತಿರಲಿಲ್ಲ. ಮನೆಯಲ್ಲಿ ಸಾವಾಗಲಿ ಕಾಯಿಲೆಯಾಗಲಿ ಇರಲಿಲ್ಲವಾದ್ದರಿಂದ ಬೆರಳಿಟ್ಟು ತೋರಿಸಲು ಕಾರಣವೂ ಇರಲಿಲ್ಲ, ಮತ್ತು ಕಾರಣವಿಲ್ಲದ ದುಃಖವನ್ನು ಸಭೆಯಲ್ಲಿ ಯಾರ ಮುಂದೆ ಹೇಳಿಕೊಳ್ಳುವುದೆಂದೂ ತಿಳಿಯುತ್ತಿರಲಿಲ್ಲ.

ಆ ಶುಷ್ಕತೆಗಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಅದಕ್ಕೆ ನಾನು ಕೊಡುತ್ತಿದ್ದ ಅರ್ಥ. ದೇವರು ಹತ್ತಿರವಿರುವಂತೆ ಅನಿಸದಿದ್ದರೆ ನನ್ನಲ್ಲಿ ಆತನಿಗೆ ಮೆಚ್ಚಿಕೆಯಾಗುವಂಥದ್ದು ಏನೂ ಉಳಿದಿಲ್ಲ ಎಂದು ಮನಸ್ಸು ತಾನೇ ತೀರ್ಪು ಬರೆದುಬಿಡುತ್ತಿತ್ತು. ಆ ತೀರ್ಪನ್ನು ನಾನು ಹೇಗೆ ಎದುರಿಸಿದೆ ಎಂಬುದಷ್ಟೇ ಈ ಬರಹದ ವಿಷಯ.

ಮೊದಲು ಸಹಾಯಕ್ಕೆ ಬಂದದ್ದು ಎಲೀಯನ ಕಥೆ. ಬೈಬಲಿನ ಹಳೆಯ ಒಡಂಬಡಿಕೆಯ 1 ಅರಸುಗಳು ಎಂಬ ಪುಸ್ತಕದ 19ನೆಯ ಅಧ್ಯಾಯದಲ್ಲಿ, ಕರ್ಮೇಲ್ ಬೆಟ್ಟದ ದೊಡ್ಡ ಜಯದ ಬೆನ್ನಲ್ಲೇ ಈ ಪ್ರವಾದಿ ಬೇರ್ಷೆಬದಾಚೆಯ ಅಡವಿಗೆ ಹೋಗಿ, ಗಿಡವೊಂದರ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡುತ್ತಾನೆ. ದೇವದೂತನು ಅವನಿಗೆ ಉಪದೇಶ ಮಾಡುವುದಿಲ್ಲ, ನಂಬಿಕೆ ಕಡಿಮೆಯಾಯಿತೆಂದು ಗದರಿಸುವುದೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಇಟ್ಟು ಎಬ್ಬಿಸುತ್ತಾನೆ, ತಿಂದವನು ಮತ್ತೆ ಮಲಗಿದರೆ ಮಲಗಲು ಬಿಡುತ್ತಾನೆ, ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸುತ್ತಾನೆ. ಇಲ್ಲಿ ಏನು ಮಾಡುತ್ತಿದ್ದೀ ಎಂಬ ಪ್ರಶ್ನೆ ಬರುವುದು 40 ದಿನಗಳ ಪ್ರಯಾಣ ಮುಗಿದು ಹೋರೇಬ್ ಬೆಟ್ಟವನ್ನು ಮುಟ್ಟಿದ ಮೇಲೆ. ಇದನ್ನು ಓದಿದ ಮೇಲೆ ನಡುರಾತ್ರಿಯ ಪ್ರಾರ್ಥನೆಯ ಹಟವನ್ನು ಬಿಟ್ಟು ಹೊತ್ತಿಗೆ ಸರಿಯಾಗಿ ಮಲಗತೊಡಗಿದೆ. ವೈದ್ಯರನ್ನೂ ಕಂಡೆ. ಆತ್ಮಿಕ ಶುಷ್ಕತೆ ಬೇರೆ, ಖಿನ್ನತೆಯೆಂಬ ಕಾಯಿಲೆ ಬೇರೆ. ಒಂದೇ ಮನುಷ್ಯನಲ್ಲಿ ಎರಡೂ ಇರಬಹುದು. ಊಟ ಸೇರದೆ, ನಿದ್ರೆ ಬಾರದೆ, ಬದುಕೇ ಬೇಡವೆನಿಸುತ್ತಿದ್ದರೆ ಪ್ರಾರ್ಥನಾಕೂಟಕ್ಕೆ ಕಾಯದೆ ಚಿಕಿತ್ಸೆ ಪಡೆಯಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ನನ್ನ ಮಾತುಗಳು ಬತ್ತಿಹೋಗಿದ್ದರಿಂದ ಬೇರೆಯವರ ಮಾತುಗಳನ್ನು ಎರವಲು ತರಬೇಕಾಯಿತು. ಆಂಗ್ಲಿಕನ್ ಸಂಪ್ರದಾಯದ 1662ರ ಪ್ರಾರ್ಥನಾ ಪುಸ್ತಕವು ಬೈಬಲಿನ 150 ಕೀರ್ತನೆಗಳನ್ನು ತಿಂಗಳ 30 ದಿನಗಳಿಗೆ, ಬೆಳಿಗ್ಗೆ ಇಷ್ಟು ಸಂಜೆ ಇಷ್ಟು ಎಂದು ಹಂಚಿಕೊಟ್ಟಿದೆ. ಆ ಪಟ್ಟಿಯನ್ನು ಸತ್ಯವೇದದೊಳಗೆ, ಎಂದರೆ ನನ್ನ ಕನ್ನಡ ಬೈಬಲಿನೊಳಗೆ, ಇಟ್ಟುಕೊಂಡು, ಆಯಾ ದಿನದ ಕೀರ್ತನೆಗಳನ್ನು ಕನ್ನಡದಲ್ಲಿ ಬಾಯಿಬಿಟ್ಟು ಓದತೊಡಗಿದೆ. ಕೀರ್ತನೆಯನ್ನು ಆರಿಸುವುದು ನನ್ನ ಮನಸ್ಸಲ್ಲ, ತಾರೀಖು. ಇದೇ ಈ ಕ್ರಮದ ದೊಡ್ಡ ಗುಣ. ಮನಸ್ಸಿಗೆ ಬಿಟ್ಟಿದ್ದರೆ ಅದು, ಯೆಹೋವನು ನನ್ನ ಕುರುಬನು ಎನ್ನುವ 23ನೆಯದನ್ನು ಓದಿ ಬೇಸರಪಟ್ಟು ಮುಚ್ಚಿಬಿಡುತ್ತಿತ್ತು. ಪಟ್ಟಿಯ ಪ್ರಕಾರವಾದರೆ 4ನೆಯ ದಿನದ ಸಂಜೆ, ನನ್ನನ್ನೇಕೆ ಕೈಬಿಟ್ಟೆ ಎಂದು ಕೂಗುವ 22ನೆಯ ಕೀರ್ತನೆಯನ್ನು ಹಾದು ಅದರ ಬೆನ್ನಿಗೇ ಕುರುಬನ ಕೀರ್ತನೆಗೆ ಬರಬೇಕು. 13ನೆಯ ಕೀರ್ತನೆಯ ಮೊದಲೆರಡು ವಚನಗಳಲ್ಲಿ ಭಕ್ತನು ಎಷ್ಟರವರೆಗೆ ಎಂದು ನಾಲ್ಕು ಬಾರಿ ದೇವರನ್ನು ಕೇಳುತ್ತಾನೆ. 17ನೆಯ ದಿನದ ಬೆಳಿಗ್ಗೆ ಬರುವ 88ನೆಯದಂತೂ ಕೊನೆಯವರೆಗೂ ಸಮಾಧಾನದ ಕಡೆಗೆ ತಿರುಗುವುದೇ ಇಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದರ ತಲೆಬರಹದಲ್ಲಿ ಕೋರಹೀಯರ ಹೆಸರಿದೆ, ಎಂದರೆ ದೇವಾಲಯದಲ್ಲಿ ಹಾಡುತ್ತಿದ್ದವರ ಹೆಸರು. ಗಾಯನ ಮಂಡಳಿಯಲ್ಲಿ ನಿಂತು ಒಳಗೊಳಗೆ ಒಣಗಿದ್ದ ನನಗೆ ಇದರಿಂದ ದೊರೆತ ಧೈರ್ಯ ಸಣ್ಣದಲ್ಲ. ಹರಿದಾಸರ ನಿಂದಾಸ್ತುತಿಯನ್ನು ಕೇಳಿ ಬೆಳೆದ ಈ ನಾಡಿನ ನಮಗೆ, ದೇವರೊಡನೆ ಜಗಳವಾಡುವುದೂ ಭಕ್ತಿಯೇ ಎಂಬುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ; ಆದರೂ ನಮ್ಮ ಪ್ರಾರ್ಥನಾಕೂಟಗಳಲ್ಲಿ ಎದ್ದು ನಿಂತು ತಮ್ಮ ಅನುಭವದ ಸಾಕ್ಷಿ ಹೇಳುವವರೆಲ್ಲರೂ ಗೆದ್ದವರೇ ಆಗಿರುವುದೇಕೆಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಇಷ್ಟರಿಂದ ಪ್ರಾರ್ಥನೆ ನಿಲ್ಲದೆ ನಡೆಯಿತೇ ಹೊರತು ನನ್ನ ಬೆಲೆಯ ಪ್ರಶ್ನೆ ತೀರಲಿಲ್ಲ. ಅದಕ್ಕೆ ಉತ್ತರ ಹುಡುಕುವಾಗ ನಾನು ಒಂದು ನಿಯಮ ಮಾಡಿಕೊಂಡೆ. ದೇವರು ಯಾರನ್ನಾದರೂ ಪ್ರೀತಿಸುತ್ತೇನೆಂದು ಹೇಳುವ ಕಡೆಗಳಲ್ಲೆಲ್ಲ, ಅದಕ್ಕೆ ಮುಂಚೆ ಆ ಮನುಷ್ಯನು ಏನು ಮಾಡಿದ್ದನೆಂದು ನೋಡುವುದು. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ, ಯೊರ್ದನ್ ಹೊಳೆಯ ದಡದಲ್ಲಿ, ನೀನು ನನ್ನ ಪ್ರಿಯ ಮಗನು ಎಂಬ ವಾಣಿ ಕೇಳಿಬರುವಾಗ ಯೇಸು ಇನ್ನೂ ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ, ಸಾಮ್ಯವೆಂಬ ದೃಷ್ಟಾಂತಕಥೆ ಒಂದನ್ನೂ ಹೇಳಿರಲಿಲ್ಲ. ಧರ್ಮೋಪದೇಶಕಾಂಡದ 7ನೆಯ ಅಧ್ಯಾಯದಲ್ಲಿ ಮೋಶೆ ಇಸ್ರಾಯೇಲ್ಯರಿಗೆ, ನೀವು ಹೆಚ್ಚು ಜನರೆಂದು ಯೆಹೋವನು ನಿಮ್ಮನ್ನು ಆರಿಸಿಕೊಳ್ಳಲಿಲ್ಲ, ನೀವು ಎಲ್ಲರಿಗಿಂತ ಸ್ವಲ್ಪವೇ ಜನ, ಆತನು ನಿಮ್ಮನ್ನು ಪ್ರೀತಿಸಿದ್ದರಿಂದಲೂ ಪಿತೃಗಳಿಗೆ ಕೊಟ್ಟ ಮಾತಿಗಾಗಿಯೂ ಆರಿಸಿಕೊಂಡನು ಎನ್ನುತ್ತಾನೆ. ಪ್ರೀತಿಗೆ ಕಾರಣ ಕೇಳಿದರೆ ಪ್ರೀತಿಯೇ ಉತ್ತರ. ಯೆಶಾಯನ 49ನೆಯ ಅಧ್ಯಾಯದಲ್ಲಿ, ಕರ್ತನು ನನ್ನನ್ನು ಮರೆತನೆಂದು ಚೀಯೋನ್, ಎಂದರೆ ಯೆರೂಸಲೇಮ್ ನಗರಿ, ಗೋಳಿಡುವಾಗಲೇ, ಮೊಲೆಕೂಸನ್ನು ತಾಯಿ ಮರೆತರೂ ನಾನು ಮರೆಯೆನೆಂಬ ಮಾತು ಬರುತ್ತದೆ. ಮೊದಲು ಗೋಳು ನಿಲ್ಲಿಸು ಎಂದು ಆತನು ಹೇಳುವುದಿಲ್ಲ.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಲೂಕನ 15ನೆಯ ಅಧ್ಯಾಯದ ಹಿರಿಯ ಮಗ. ಮಕ್ಕಳಿಗೆ ಆ ಸಾಮ್ಯವನ್ನು ಹೇಳುವಾಗ ನಾವು ಸಾಮಾನ್ಯವಾಗಿ, ಆಸ್ತಿಯ ಪಾಲು ಪಡೆದು ದೂರ ಹೋಗಿ ಅದನ್ನು ಹಾಳುಮಾಡಿದ ಕಿರಿಯವನು ಮರಳಿ ಮನೆಗೆ ಬಂದು ಔತಣವಾದಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಹೊಲದಿಂದ ಬಂದ ಹಿರಿಯವನು, ಇಷ್ಟು ವರ್ಷ ನಿನಗೆ ದುಡಿದಿದ್ದೇನೆ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಎಂದು ಅಂಗಳದಲ್ಲಿ ನಿಂತು ಕೇಳುವ ಮಾತು ಸಭೆಯಲ್ಲಿ ದುಡಿಯುವವರ ಮಾತು. ಅವನು ಮನೆ ಬಿಟ್ಟು ಹೋದವನಲ್ಲ, ಮನೆಯಲ್ಲಿದ್ದೇ ದೂರವಾದವನು. ತಂದೆಯು ಅವನಿಗಾಗಿಯೂ ಔತಣದ ನಡುವೆ ಎದ್ದು ಹೊರಗೆ ಬರುತ್ತಾನೆ, ಮಗನೇ ಎಂದೇ ಕರೆಯುತ್ತಾನೆ, ನೀನು ಯಾವಾಗಲೂ ನನ್ನ ಸಂಗಡ ಇದ್ದೀಯಲ್ಲ, ನನ್ನದೆಲ್ಲ ನಿನ್ನದೇ ಎನ್ನುತ್ತಾನೆ. ದುಡಿಮೆಯ ಲೆಕ್ಕವನ್ನು ಅವನು ಅಲ್ಲಗಳೆಯುವುದಿಲ್ಲ, ಆ ಲೆಕ್ಕದ ಮೇಲೆ ಮಗನ ಬೆಲೆ ಕಟ್ಟುವುದೂ ಇಲ್ಲ. ನನ್ನ ಸೇವೆ, ನನ್ನ ಹಾಡು, ನನ್ನ ಭಾವಪರವಶತೆ ಎಲ್ಲವೂ ನಾನು ಹಿಡಿದುಕೊಂಡು ನಿಂತ ಅಂಥದೇ ಲೆಕ್ಕಪುಸ್ತಕವಾಗಿದ್ದವು.

ಪ್ರೊಟೆಸ್ಟೆಂಟ್ ಮನೆಯಲ್ಲಿ ಬೆಳೆದ ನನಗೆ ಮುಂದಿನ ಸಹಾಯ ಕಥೋಲಿಕ ಗುರುಗಳೊಬ್ಬರಿಂದ ದೊರೆಯಿತು. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಅವರ ಆಧ್ಯಾತ್ಮಿಕ ಸಾಧನೆಯ ನಿಯಮಗಳನ್ನು ಅವರು ನನಗೆ ತೋರಿಸಿಕೊಟ್ಟರು; ಅವು 1548ರಲ್ಲಿ ಅಚ್ಚಾದವು. ಶುಷ್ಕತೆಯ ಕಾಲದಲ್ಲಿ ಯಾವ ನಿರ್ಧಾರವನ್ನೂ ಬದಲಿಸಬಾರದು, ಹಿಂದೆ ಸಮಾಧಾನದಲ್ಲಿದ್ದಾಗ ಮಾಡಿದ ನಿರ್ಧಾರದಲ್ಲಿಯೇ ನಿಲ್ಲಬೇಕು ಎಂಬುದು ಅವುಗಳಲ್ಲೊಂದು. ಸಂಡೇ ಸ್ಕೂಲಿನ ಹೊಣೆಯನ್ನು ಬಿಟ್ಟುಬಿಡಬೇಕೆಂದಿದ್ದ ನನ್ನನ್ನು ಆ ನಿಯಮ ತಡೆಯಿತು. ಮದರ್ ತೆರೇಸಾ ಅವರು ದಶಕಗಳ ಕಾಲ ಒಳಗಿನ ಕತ್ತಲೆಯನ್ನು ಅನುಭವಿಸಿದ್ದು ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, 2007ರಲ್ಲಿ, ಅವರ ಪತ್ರಗಳಿಂದ ಜಗತ್ತಿಗೆ ತಿಳಿಯಿತೆಂದೂ ಗುರುಗಳೇ ಹೇಳಿದರು.

ಯೇಸುವಿನ ನೆನಪಿಗಾಗಿ ಸಭೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವ ಕರ್ತನ ಭೋಜನವನ್ನೂ ಬಿಡಲಿಲ್ಲ. ಏನೂ ಅನಿಸದಿರುವಾಗ ಕೈ ಚಾಚುವುದು ಕಪಟವಲ್ಲವೇ ಎಂದು ನಮ್ಮ ಸಭಾಪಾಲಕರನ್ನು ಕೇಳಿದ್ದೆ. ಹಸಿವಿಲ್ಲವೆಂದು ರೋಗಿಗೆ ಗಂಜಿ ಕೊಡದಿರುತ್ತಾರೆಯೇ ಎಂದರು. ಅಲ್ಲಿ ನಾನು ಮಾಡಬೇಕಾದದ್ದು ಅಂಗೈ ತೆರೆಯುವುದಷ್ಟೇ, ರೊಟ್ಟಿ ಕೊಡುವವರು ಬೇರೆಯವರು ಎಂಬುದು ಕ್ರಮೇಣ ನನಗೆ ದೊಡ್ಡ ನೆಮ್ಮದಿಯಾಯಿತು.

ಆ ಶುಷ್ಕತೆ ಯಾವ ದಿನ ಹೋಯಿತೆಂದು ಹೇಳಲಾರೆ, ಪೂರ್ತಿ ಹೋಗಿದೆಯೆಂದೂ ಹೇಳಲಾರೆ. ಈಗ ಅದು ಬಂದರೆ ತೀರ್ಪನ್ನು ಜೊತೆಗೆ ತರುವುದಿಲ್ಲ. ಅಂಥ ಸ್ಥಿತಿಯಲ್ಲಿರುವವರು ಬಂದು ಕೇಳಿದಾಗ ನಾನು ಮೊದಲು ಊಟ ನಿದ್ರೆಗಳ ಬಗ್ಗೆ ವಿಚಾರಿಸುತ್ತೇನೆ, ಆಮೇಲೆ ಆ ತಿಂಗಳ ಪಟ್ಟಿಯನ್ನು ಅವರ ಕೈಗೆ ಕೊಟ್ಟು, 1ನೆಯ ತಾರೀಖಿಗೆ ಕಾಯದೆ ಇವತ್ತಿನ ಕೀರ್ತನೆಯಿಂದಲೇ ಓದಲು ಹೇಳುತ್ತೇನೆ. ಒಬ್ಬರೇ ಓದಲಾರೆವು ಎಂದವರೊಡನೆ ಸಂಜೆಯ ಪಾಲನ್ನು ಫೋನಿನಲ್ಲಿ ಒಂದು ವಚನ ಅವರು, ಒಂದು ವಚನ ನಾನು ಎಂದು ಓದುತ್ತೇವೆ.