ನಿಂಜಾ ತೇಪೆ ಬಿಚ್ಚಿ ಮೂಲ ಚಿತ್ರ ಹುಡುಕಿದ ನನ್ನ ಅನುಭವ

ಹಾಂಗ್‌ಕಾಂಗಿನ ಐಎಫ್‌ಡಿ, ಫಿಲ್ಮಾರ್ಕ್ ಕಂಪನಿಗಳ ನಿಂಜಾ ಚಿತ್ರಗಳ ಆಟ ಹೀಗಿತ್ತು. ಕೊರಿಯಾ, ತೈವಾನ್, ಥಾಯ್ಲೆಂಡ್ ಕಡೆಯ ಯಾವುದೋ ಚಿತ್ರವನ್ನು ಅಗ್ಗಕ್ಕೆ ಕೊಂಡು, ಬಿಳಿ ನಟರ ನಿಂಜಾ ದೃಶ್ಯ ನಡುವೆ ತುರುಕಿ, ಇಂಗ್ಲಿಷಿಗೆ ಡಬ್ ಮಾಡಿ ಮಾರುತ್ತಿದ್ದರು. ಒಳಗಿರುವ ಆ ಮೂಲ ಚಿತ್ರ ಪತ್ತೆ ಮಾಡುವುದು ನನ್ನ ಹುಚ್ಚು. ನಟರ ಮುಖ ನೋಡಿಯೇ ಹುಡುಕಬೇಕು, ಬೇರೆ ದಾರಿ ಇಲ್ಲ ಅಂತ ಜೊತೆಯ ಸಂಗ್ರಾಹಕರೆಲ್ಲ ಹೇಳುತ್ತಿದ್ದರು. ನಾನು ಮುಖ ಬಿಟ್ಟು ಚಿತ್ರದೊಳಗಿನ ಫೋನ್ ಕರೆ, ಅಂಗಡಿ ಬೋರ್ಡು ಹಿಡಿದೆ. ಅವರು ಕೈಬಿಟ್ಟಿದ್ದ ಹತ್ತಾರು ಚಿತ್ರಗಳ ಮೂಲ ಈಗ ನನ್ನ ಪಟ್ಟಿಯಲ್ಲಿದೆ.

ದುಡ್ಡು ನೀರಿನಂತೆ ಹೋಯಿತು. ವಿಎಚ್‌ಎಸ್ ವಿಡಿಯೊ ಟೇಪುಗಳಿಗೇ 40 ಸಾವಿರ ರೂಪಾಯಿಯ ಹತ್ತಿರ ಹತ್ತಿರ. ಅದರಲ್ಲೂ ಟೇಪಿಗಿಂತ ಸಾಗಣೆ, ಕಸ್ಟಮ್ಸ್ ಜಾಸ್ತಿ. ಒಬ್ಬ ಮಾರಾಟಗಾರ ಒಂದೇ ಚಿತ್ರವನ್ನು ಎರಡು ಹೆಸರಿನಲ್ಲಿ ಕಳಿಸಿದ. ಇನ್ನೊಂದು ಟೇಪಿಗೆ ಬೂಷ್ಟು ಹಿಡಿದಿತ್ತು. ಮುಖದ ಫೋಟೋ ಹಾಕಿ ಹುಡುಕಿದರೆ ಏನೂ ಸಿಗಲಿಲ್ಲ. ಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರವನ್ನು ಟಿವಿ ಅಳತೆಗೆ ಕತ್ತರಿಸಿದ್ದರಿಂದ ಎಷ್ಟೋ ಶಾಟ್‌ಗಳಲ್ಲಿ ಅರ್ಧ ಮುಖವೇ ಇಲ್ಲ.

ಎರಡು ಚಿತ್ರಗಳ ಜನ ಒಂದೇ ಫ್ರೇಮಿಗೆ ಬರಲು ಸಾಧ್ಯವಿಲ್ಲ, ಅಲ್ವಾ? ಅದಕ್ಕೇ ಅವರು ಫೋನಿನಲ್ಲಿ ಮಾತಾಡುತ್ತಾರೆ. ಪ್ರತಿ ಫೋನ್ ಕರೆಯೂ ಎರಡು ಚಿತ್ರ ಕೂಡಿಸಿದ ಒಂದು ಹೊಲಿಗೆ. 1985ರ 'ನಿಂಜಾ ಟರ್ಮಿನೇಟರ್' ತೆಗೆದುಕೊಳ್ಳಿ. ಅಮೆರಿಕನ್ ನಟ ರಿಚರ್ಡ್ ಹ್ಯಾರಿಸನ್ ಕೈಯಲ್ಲಿ ಕಾರ್ಟೂನಿನ ಗಾರ್‌ಫೀಲ್ಡ್ ಬೆಕ್ಕಿನ ಆಕಾರದ ಫೋನು, ಆ ತುದಿಯಲ್ಲಿ ಕೊರಿಯನ್ ಚಿತ್ರದ ನಾಯಕ. ಅದರ ಮೂಲ 1984ರ 'ಅನ್‌ಇನ್ವೈಟೆಡ್ ಗೆಸ್ಟ್ ಆಫ್ ದ ಸ್ಟಾರ್ ಫೆರ್ರಿ' ಅಂತ ಮೊದಲೇ ಗೊತ್ತಿತ್ತು. ಹಾಗಾಗಿ ನನ್ನ ವಿಧಾನವನ್ನು ಅದರ ಮೇಲೇ ಪರೀಕ್ಷಿಸಿದೆ. ಹೊಲಿಗೆಗಳು ಒಂದೊಂದಾಗಿ ಸರಿಯಾಗಿ ಬಿಚ್ಚಿಕೊಂಡವು.

ಹೊಲಿಗೆ ಬಿಚ್ಚಿದ ಮೇಲೆ ಉಳಿದ ಭಾಗದಲ್ಲಿ ಅಂಗಡಿ ಬೋರ್ಡು, ಕಾರಿನ ನಂಬರ್ ಪ್ಲೇಟು ನೋಡಬೇಕು. ಕೊರಿಯನ್ ಅಕ್ಷರ ಕಲಿಯಲು ವಾರ ಸಾಕು. ಊರು, ಕಾಲ ಗೊತ್ತಾದರೆ ಕೊರಿಯನ್ ಫಿಲ್ಮ್ ಆರ್ಕೈವ್‌ನ ಪಟ್ಟಿಯಲ್ಲಿ ವರ್ಷ ಹಿಡಿದು ಹುಡುಕಬಹುದು.

ಅಲ್ಲೂ ಒಂದು ತೊಡಕು ಎದುರಾಯಿತು. ಆಗ ಕೊರಿಯಾದಲ್ಲಿ ವಿದೇಶಿ ಚಿತ್ರ ತರಲು ಕೋಟಾ ಇತ್ತು. ಜಂಟಿ ನಿರ್ಮಾಣಕ್ಕೆ ಆ ಕಟ್ಟು ಇರಲಿಲ್ಲ. ಅದಕ್ಕೆ ಎಷ್ಟೋ ಹಾಂಗ್‌ಕಾಂಗ್ ಚಿತ್ರಗಳಿಗೆ ಒಬ್ಬ ಕೊರಿಯನ್ ನಟನನ್ನು ಸೇರಿಸಿ, ಕೊರಿಯನ್ ನಿರ್ದೇಶಕನ ಹೆಸರು ಹಾಕಿ, ಕಾಗದದ ಮೇಲೆ ಜಂಟಿ ನಿರ್ಮಾಣ ಮಾಡಿಬಿಟ್ಟರು. ಒಂದೇ ಚಿತ್ರ, ಕೊರಿಯಾದ ಪಟ್ಟಿಯಲ್ಲಿ ಒಬ್ಬ ನಿರ್ದೇಶಕ, ಹಾಂಗ್‌ಕಾಂಗಿನ ಪಟ್ಟಿಯಲ್ಲಿ ಇನ್ನೊಬ್ಬ. ಎರಡೂ ಪಟ್ಟಿ ಅಕ್ಕಪಕ್ಕ ಇಟ್ಟುಕೊಳ್ಳದೆ ಈ ಕೆಲಸ ಆಗುವುದಿಲ್ಲ. ಮುಖ ನೋಡಿ ಹುಡುಕುವವರು ಸೋಲುವುದು ಇಲ್ಲೇ.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಒಂದು ಚಿತ್ರದ ನಿಂಜಾ ದೃಶ್ಯಗಳನ್ನೆಲ್ಲ ಕಿತ್ತು, ಸೌಂಡ್ ತೆಗೆದು, ಸುಮ್ನೆ ನೋಡಿದೆ. ಒಂದು ಗಂಟೆಯ ಮೇಲೆ ಸ್ವಲ್ಪ ಉಳಿಯಿತು. ಡಬ್ಬಿಂಗ್‌ನಲ್ಲಿ ನಿಂಜಾ ಗ್ಯಾಂಗಿನ ಆಳು ಅನಿಸಿಕೊಂಡವನು ಪ್ರತಿ ಮನೆಯಲ್ಲೂ ಲೆಕ್ಕದ ಪುಸ್ತಕ ತೆರೆಯುತ್ತಾನೆ. ಅವನು ಸಾಲ ವಸೂಲಿಯವನು! ತೇಪೆಯ ಕೆಳಗೆ ಒಳ್ಳೆಯ ಚಿತ್ರವೇ ಇತ್ತು. ಅದನ್ನು ಮಾಡಿದವರ ಹೆಸರು ಮರಳಿ ಸೇರಬೇಕು ಅಂತಲೇ ನಾನು ಇಷ್ಟು ಹಟ ಹಿಡಿದಿರುವುದು.

ಒದೆ ಬೀಳುವ ಸದ್ದಿನಿಂದ ಡಬ್ಬಿಂಗ್ ಆದ ವರ್ಷ ಅಂದಾಜು ಮಾಡುವ ಉಪಾಯವೂ ಒಂದಿದೆ. ಅದನ್ನು ಈಗಲೇ ಹೇಳುವುದಿಲ್ಲ. ಥಾಯ್ ಚಿತ್ರಗಳಲ್ಲಿ ಬೋರ್ಡು ಕಡಿಮೆ, ಹೊಲ ಗದ್ದೆಯೇ ಜಾಸ್ತಿ. ಅಲ್ಲಿ ಸದ್ಯಕ್ಕೆ ಬಸ್ಸಿನ ಬಣ್ಣ ಹಿಡಿದು ಹೊರಟಿದ್ದೇನೆ.